ಗುರುತು ಕಳಚಿದ ರೋಗಾಣು

ಧಾರವಾಡದಿಂದ ಪಶ್ಚಿಮಕ್ಕೆ ಹೊರಟವರಿಗೆ ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಆರಂಭವಾಗುವುದು ಸ್ವಲ್ಪ ದೂರದಲ್ಲಿಯೇ ಕಾಣಸಿಗುತ್ತದೆ. ಕಲಘಟಗಿ, ಅಳ್ನಾವರ, ಹಳಿಯಾಳಗಳ ಕಡೆಗೆ ಸಾಗಿದಂತೆ ಕಾಡು ದಟ್ಟವಾಗುತ್ತದೆ, ಹಳ್ಳಕೊಳ್ಳಗಳು ಹೆಚ್ಚುತ್ತವೆ. ಸುಮಾರು ೮೦ ವರ್ಷಗಳ ಹಿಂದೆ ಈ ಸೀಮೆಯಲ್ಲಿ ಚಳಿಜ್ವರವು ಮನೆಮನೆಯ ಕಷ್ಟವಾಗಿದ್ದಿತು. ಮೇಲಿಂದ ಮೇಲೆ ಜ್ವರ ಬಂದವರ ಪ್ಲೀಹವು ಬಾತು, ಹೊಟ್ಟೆಯ ಎಡಭಾಗದಲ್ಲಿ ಗಟ್ಟಿಯಾಗಿ ಕೈಗೆ ಸಿಗುತ್ತಿದ್ದಿತು. ಇದನ್ನೇ ಜನರು ‘ಜ್ವರಗಡ್ಡೆ’ ಎಂದು ಕರೆದರು. ಹಳ್ಳದ ಅಂಚಿನ ತಿಳಿನೀರಿನಲ್ಲಿ ಬೆಳೆಯುವ ಅನಾಫಿಲೀಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆಯೇ ಇಲ್ಲಿ ರೋಗವನ್ನು ಹರಡುವ ಮುಖ್ಯ ವಾಹಕವಾಗಿದ್ದಿತು.

೧೯೪೦ರ ದಶಕದ ನಡುವಿನಲ್ಲಿ ಆಗಿನ ಮುಂಬಯಿ ಪ್ರಾಂತದ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಒಂದು ದೊಡ್ಡ ಪ್ರಯೋಗವು ನಡೆಯಿತು. ಡಾ. ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರರಾವ್ ಅವರ ನೇತೃತ್ವದಲ್ಲಿ ಮನೆಗಳ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಲಾಯಿತು. ಮೊದಲನೆಯ ವರ್ಷದ ಫಲಿತಾಂಶವು ೧೯೪೭ರಲ್ಲಿ ಪ್ರಕಟವಾದಾಗ ಇಡೀ ದೇಶವು ಇತ್ತ ನೋಡಿತು. ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತದಲ್ಲಿ ಪ್ರತಿವರ್ಷ ಸುಮಾರು ೭೫೦ ಲಕ್ಷ ಜನರು ಮಲೇರಿಯಾದಿಂದ ನರಳುತ್ತಿದ್ದರು. ಸುಮಾರು ೮ ಲಕ್ಷ ಜನರು ಸಾಯುತ್ತಿದ್ದರು. ೧೯೫೩ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಯೋಜನೆ ಆರಂಭವಾಯಿತು. ೧೯೬೫ರ ಹೊತ್ತಿಗೆ ರೋಗಿಗಳ ಸಂಖ್ಯೆಯು ಸುಮಾರು ೧ ಲಕ್ಷಕ್ಕೆ ಇಳಿಯಿತು.

ಆದರೆ ಗೆಲವು ಪೂರ್ಣವಾಗಲಿಲ್ಲ. ಇಂದಿನ ಗುಜರಾತಿನ ಪಂಚಮಹಲ ಜಿಲ್ಲೆಯಲ್ಲಿ ಬಯಲುನಾಡಿನ ಸೊಳ್ಳೆಯಾದ ಅನಾಫಿಲೀಸ್ ಕ್ಯುಲಿಸಿಫೇಸೀಸ್ ಡಿ.ಡಿ.ಟಿ.ಯನ್ನು ತಾಳಿಕೊಳ್ಳತೊಡಗಿದ ಸಂಗತಿಯು ೧೯೫೯ರಲ್ಲಿಯೇ ವರದಿಯಾಗಿದ್ದಿತು. ೧೯೭೩ರಲ್ಲಿ ಅಸ್ಸಾಮಿನಲ್ಲಿ ಕ್ಲೋರೋಕ್ವಿನ್ ಔಷಧಕ್ಕೆ ಬಗ್ಗದ ರೋಗಾಣುಗಳು ಕಂಡುಬಂದವು. ನಮ್ಮ ಕಾರ್ಯಕ್ರಮಗಳಲ್ಲಿಯೂ ಸಡಿಲಿಕೆಗಳುಂಟಾದವು. ೧೯೭೬ರಲ್ಲಿ ದೇಶದ ರೋಗಿಗಳ ಸಂಖ್ಯೆ ಮತ್ತೆ ೬೪ ಲಕ್ಷವನ್ನು ಮೀರಿತು.

ವಿಷಕ್ಕೆ ಸೊಳ್ಳೆಯು ಒಗ್ಗಿಕೊಂಡಿತು. ಔಷಧಕ್ಕೆ ರೋಗಾಣುವು ಒಗ್ಗಿಕೊಂಡಿತು. ಈ ಎರಡೂ ಸಂಗತಿಗಳನ್ನು ನಮ್ಮ ವಿದ್ಯಾರ್ಥಿಗಳು ಕೇಳಿರಬಹುದು. ಈಗ ಮೂರನೆಯದೊಂದು ಎದುರಾಗಿದೆ. ರೋಗವನ್ನು ಪತ್ತೆಮಾಡುವ ಪರೀಕ್ಷೆಯಿಂದಲೇ ರೋಗಾಣುವು ತಪ್ಪಿಸಿಕೊಳ್ಳುತ್ತಿದೆ. ಪರೀಕ್ಷೆಯು ವಿಷವಲ್ಲ, ಔಷಧವೂ ಅಲ್ಲ. ಅದು ರೋಗಾಣುವನ್ನು ಕೊಲ್ಲುವುದಿಲ್ಲ. ಹಾಗಿದ್ದರೂ ಅದರಿಂದ ಪಾರಾಗುವ ಮಾರ್ಗ ರೋಗಾಣುವಿಗೆ ದೊರೆತುದು ಹೇಗೆ? ಇದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕಣ್ಣಿನಿಂದ ಕಾಣುವ ಪರೀಕ್ಷೆ

ಮಲೇರಿಯಾದ ರೋಗಾಣುವು ಏಕಕೋಶ ಜೀವಿ. ಪ್ಲಾಸ್ಮೋಡಿಯಮ್ ಎಂಬುದು ಅದರ ಕುಲದ ಹೆಸರು. ೧೮೮೦ರ ನವೆಂಬರ್ ೬ರಂದು ಫ್ರೆಂಚ್ ಸೈನ್ಯದ ವೈದ್ಯನಾದ ಲಾವೆರಾನನು ಅಲ್ಜೀರಿಯದಲ್ಲಿ ರೋಗಿಯೊಬ್ಬನ ರಕ್ತದಲ್ಲಿ ಇದನ್ನು ಮೊದಲು ಕಂಡನು. ೧೮೯೭ರ ಆಗಸ್ಟ್ ೨೦ರಂದು ರೊನಾಲ್ಡ್ ರಾಸನು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದ ಗೋಡೆಯಲ್ಲಿ ಇದರ ಬೆಳವಣಿಗೆಯನ್ನು ಗುರುತಿಸಿದನು. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಜಾತಿಗಳು ಎರಡು: ವೈವಾಕ್ಸ್ ಮತ್ತು ಫಾಲ್ಸಿಪಾರಮ್. ಎರಡನೆಯದು ಹೆಚ್ಚು ಅಪಾಯಕಾರಿ. ಅದು ಮಿದುಳಿನ ಸೂಕ್ಷ್ಮ ರಕ್ತನಾಳಗಳನ್ನು ಕಟ್ಟಿ, ಚಿಕಿತ್ಸೆ ತಡವಾದರೆ ಕೆಲವೇ ದಿನಗಳಲ್ಲಿ ಪ್ರಾಣವನ್ನು ತೆಗೆಯಬಲ್ಲದು.

ಬೆರಳ ತುದಿಯನ್ನು ಚುಚ್ಚಿ ತೆಗೆದ ರಕ್ತದ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಲೇಪಿಸಿ, ಗೀಮ್ಸಾ ಬಣ್ಣವನ್ನು ಕೊಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುವುದು ನೂರು ವರ್ಷಗಳಿಗೂ ಮಿಕ್ಕಿದ ಪದ್ಧತಿ. ಕೆಂಪು ರಕ್ತಕಣದೊಳಗೆ ಉಂಗುರದಂತೆ ಕುಳಿತಿರುವ ರೋಗಾಣುವು ಪರಿಣತ ಕಣ್ಣಿಗೆ ಕಾಣುತ್ತದೆ. ಯಾವ ಜಾತಿ, ಎಷ್ಟು ಸಂಖ್ಯೆ ಎಂಬುದೂ ತಿಳಿಯುತ್ತದೆ. ಆದರೆ ಇದಕ್ಕೆ ಒಳ್ಳೆಯ ಉಪಕರಣ ಬೇಕು, ಪಳಗಿದ ಕಣ್ಣು ಬೇಕು, ಸಮಯ ಬೇಕು. ದೂರದ ಹಳ್ಳಿಯಲ್ಲಿ ರಕ್ತಲೇಪವನ್ನು ಪಟ್ಟಣಕ್ಕೆ ಕಳಿಸಿ ಉತ್ತರ ಬರುವಷ್ಟರಲ್ಲಿ ರೋಗಿಯ ಸ್ಥಿತಿಯು ಕೆಡುವುದುಂಟು.

ಹದಿನೈದು ನಿಮಿಷಗಳ ಪರೀಕ್ಷೆ

ಈ ತೊಂದರೆಗೆ ಪರಿಹಾರವಾಗಿ ಬಂದದ್ದು ಶೀಘ್ರ ಪರೀಕ್ಷೆಯ ಪಟ್ಟಿ. ೧೯೯೦ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಇದು ಇಂದು ಆಶಾ ಕಾರ್ಯಕರ್ತೆಯ ಚೀಲದಲ್ಲಿಯೂ ಇರುತ್ತದೆ. ಬೆರಳುದ್ದದ ಪ್ಲಾಸ್ಟಿಕ್ ಕವಚದೊಳಗೆ ಒತ್ತುಕಾಗದದಂತಹ ಒಂದು ಪಟ್ಟಿ. ಅದರ ಒಂದು ತುದಿಯಲ್ಲಿ ರಕ್ತದ ಸಣ್ಣ ಹನಿ. ಅದರ ಮೇಲೆ ಕೆಲವು ಹನಿ ದ್ರಾವಣ. ಸುಮಾರು ೧೫ ನಿಮಿಷಗಳಲ್ಲಿ ಗೆರೆಗಳು ಮೂಡುತ್ತವೆ. ಓದಲು ಸೂಕ್ಷ್ಮದರ್ಶಕ ಬೇಡ, ವಿದ್ಯುತ್ತೂ ಬೇಡ.

ಇದರ ಒಳಗಿನ ಕೆಲಸವನ್ನು ನೋಡೋಣ. ಪಟ್ಟಿಯ ಆರಂಭದಲ್ಲಿ ಪ್ರತಿಕಾಯಗಳೆಂಬ ಅಣುಗಳನ್ನು ಒಣಗಿಸಿ ಇಟ್ಟಿರುತ್ತಾರೆ. ಬೀಗಕ್ಕೆ ಒಂದೇ ಕೀಲಿಯು ಹೊಂದುವಂತೆ, ಒಂದೊಂದು ಪ್ರತಿಕಾಯವೂ ಒಂದೊಂದು ಗೊತ್ತಾದ ವಸ್ತುವಿಗೇ ಅಂಟಿಕೊಳ್ಳುತ್ತದೆ. ಈ ಪ್ರತಿಕಾಯಗಳಿಗೆ ಚಿನ್ನದ ಅತಿಸೂಕ್ಷ್ಮ ಕಣಗಳನ್ನು ಕಟ್ಟಿರುತ್ತಾರೆ. ಚಿನ್ನವು ಅಷ್ಟು ನುಣ್ಣಗಾದಾಗ ಹಳದಿಯಾಗಿ ಕಾಣದೆ ಕೆಂಪಗೆ ಕಾಣುತ್ತದೆ. ರಕ್ತದಲ್ಲಿ ರೋಗಾಣುವಿನ ಪ್ರೋಟೀನು ಇದ್ದರೆ ಅದು ಪ್ರತಿಕಾಯಕ್ಕೆ ಅಂಟಿ, ದ್ರಾವಣದೊಡನೆ ಹರಿಯುತ್ತ ಮುಂದೆ ಹೋಗುತ್ತದೆ. ದಾರಿಯಲ್ಲಿ ಅದೇ ಪ್ರೋಟೀನನ್ನು ಹಿಡಿಯುವ ಇನ್ನೊಂದು ಬಗೆಯ ಪ್ರತಿಕಾಯಗಳನ್ನು ಗೆರೆಯಾಗಿ ಬಳಿದಿರುತ್ತಾರೆ. ಅಲ್ಲಿ ಪ್ರೋಟೀನು ಸಿಕ್ಕಿಕೊಂಡು, ಅದರೊಂದಿಗೆ ಚಿನ್ನದ ಕಣಗಳೂ ಒಟ್ಟಾಗಿ, ಕೆಂಪು ಗೆರೆ ಮೂಡುತ್ತದೆ. ಇನ್ನೂ ಮುಂದಿರುವ ನಿಯಂತ್ರಣ ಗೆರೆಯು ರೋಗವಿರಲಿ ಇಲ್ಲದಿರಲಿ ಮೂಡಲೇಬೇಕು. ಅದು ಮೂಡದಿದ್ದರೆ ಆ ಪಟ್ಟಿಯೇ ಕೆಟ್ಟಿದೆಯೆಂದು ತಿಳಿದು ಬಿಸಾಡಬೇಕು.

ಫಾಲ್ಸಿಪಾರಮ್ ಜಾತಿಯನ್ನು ಹಿಡಿಯಲು ಹೆಚ್ಚಿನ ಪಟ್ಟಿಗಳು ಆರಿಸಿಕೊಂಡ ಪ್ರೋಟೀನಿಗೆ ಎಚ್‌ಆರ್‌ಪಿ-೨ ಎಂದು ಹೆಸರು. ಹಿಸ್ಟಿಡೀನ್ ಎಂಬ ಅಮೈನೋ ಆಮ್ಲವು ಇದರಲ್ಲಿ ಮೂರರಲ್ಲೊಂದು ಪಾಲಿನಷ್ಟು ಇರುವುದರಿಂದ ಆ ಹೆಸರು ಬಂದಿತು. ಈ ಆಯ್ಕೆಗೆ ಸಕಾರಣಗಳಿದ್ದವು. ರೋಗಾಣುವು ಈ ಪ್ರೋಟೀನನ್ನು ಹೇರಳವಾಗಿ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅದರ ರಚನೆಯಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಬರುವುದರಿಂದ ಒಂದೊಂದು ಅಣುವಿಗೂ ಅನೇಕ ಪ್ರತಿಕಾಯಗಳು ಅಂಟಬಲ್ಲವು. ಬಿಸಿಲಿನ ನಾಡುಗಳಲ್ಲಿಯೂ ಈ ಬಗೆಯ ಪಟ್ಟಿಗಳು ಚೆನ್ನಾಗಿ ಬಾಳುತ್ತವೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು ೫೦ ಲಕ್ಷ ಕೆಂಪುಕಣಗಳಿರುತ್ತವೆ. ಅವುಗಳಲ್ಲಿ ೨೦೦ ಕಣಗಳಲ್ಲಿ, ಎಂದರೆ ೨೫ ಸಾವಿರಕ್ಕೆ ಒಂದರಲ್ಲಿ, ರೋಗಾಣುವಿದ್ದರೆ ಸಾಕು, ಒಳ್ಳೆಯ ಪಟ್ಟಿಯು ಗೆರೆಯನ್ನು ತೋರಿಸುತ್ತದೆ. ಇಷ್ಟು ಅಗ್ಗದ ವಸ್ತುವಿನಿಂದ ಇಂತಹ ಸೂಕ್ಷ್ಮತೆ ಅಲ್ಪ ಸಾಧನೆಯಲ್ಲ. ಲೋಕದಲ್ಲಿ ಎಷ್ಟೋ ಜನರ ಪ್ರಾಣವು ಈ ಗೆರೆಯಿಂದ ಉಳಿದಿದೆ.

ಜೀನು ಕಳಚಿದಾಗ

ಆದರೆ ಪಟ್ಟಿಯು ರೋಗಾಣುವನ್ನು ಕಾಣುವುದಿಲ್ಲ. ರೋಗಾಣುವು ಬಿಟ್ಟ ಒಂದು ಗುರುತನ್ನು ಮಾತ್ರ ಕಾಣುತ್ತದೆ. ಆ ಗುರುತನ್ನೇ ಬಿಡದ ರೋಗಾಣುವಿದ್ದರೆ?

ಪ್ರೋಟೀನುಗಳನ್ನು ತಯಾರಿಸುವ ಆದೇಶಗಳು ಜೀನುಗಳಲ್ಲಿ ಅಡಗಿವೆ. ಫಾಲ್ಸಿಪಾರಮ್ ರೋಗಾಣುವಿನ ಸಂಪೂರ್ಣ ಜೀನುರಾಶಿಯನ್ನು ೨೦೦೨ರಲ್ಲಿ ವಿಜ್ಞಾನಿಗಳು ಓದಿ ಮುಗಿಸಿದರು: ೧೪ ವರ್ಣತಂತುಗಳು, ಸುಮಾರು ೫,೩೦೦ ಜೀನುಗಳು. ಇವುಗಳಲ್ಲಿ ಎಚ್‌ಆರ್‌ಪಿ-೨ರ ಜೀನು ೮ನೆಯ ವರ್ಣತಂತುವಿನ ತುದಿಯ ಹತ್ತಿರ ಇದೆ. ಅದರ ಸೋದರ ಜೀನಾದ ಎಚ್‌ಆರ್‌ಪಿ-೩ ಎಂಬುದು ೧೩ನೆಯದರ ತುದಿಯ ಹತ್ತಿರ ಇದೆ. ಸೋದರರ ಪ್ರೋಟೀನುಗಳಲ್ಲಿ ಹೋಲಿಕೆ ಇರುವುದರಿಂದ ಎರಡನೆಯದನ್ನೂ ಪಟ್ಟಿಯು ಕೆಲಮಟ್ಟಿಗೆ ಹಿಡಿಯುತ್ತದೆ. ವರ್ಣತಂತುಗಳ ತುದಿಗಳೆಂದರೆ ಹಳೆಯ ಪುಸ್ತಕದ ಕೊನೆಯ ಹಾಳೆಗಳಿದ್ದಂತೆ. ರೋಗಾಣುವು ತನ್ನ ಜೀನುರಾಶಿಯನ್ನು ನಕಲು ಮಾಡಿಕೊಳ್ಳುವಾಗ ಈ ತುದಿಗಳಲ್ಲಿ ಹರಿಯುವುದು, ಅದಲುಬದಲಾಗುವುದು ಹೆಚ್ಚು. ಹಾಗೆ ಹರಿದುಹೋದ ತುಂಡಿನಲ್ಲಿ ಎಚ್‌ಆರ್‌ಪಿ-೨ರ ಜೀನೂ ಇದ್ದರೆ, ಆ ರೋಗಾಣುವಿನ ಸಂತತಿಯೆಲ್ಲ ಆ ಪ್ರೋಟೀನಿಲ್ಲದೆಯೇ ಹುಟ್ಟುತ್ತದೆ.

ಇಲ್ಲದ ರೋಗಾಣು ಬದುಕುವುದೇ? ಬದುಕುತ್ತದೆ. ಪ್ರಯೋಗಶಾಲೆಗಳಲ್ಲಿ ದಶಕಗಳಿಂದ ಬೆಳೆಸುತ್ತ ಬಂದ ಕೆಲವು ತಳಿಗಳಲ್ಲಿ ಈ ಜೀನು ಇಲ್ಲವೆಂಬುದು ತಿಳಿದಿದ್ದಿತು. ಅವು ಸುಖವಾಗಿಯೇ ಬೆಳೆಯುತ್ತಿದ್ದವು. ಹೊರಗಿನ ಲೋಕದ ರೋಗಿಗಳಲ್ಲಿಯೂ ಹೀಗಿರಬಹುದೆಂಬುದು ೨೦೧೦ರಲ್ಲಿ ಸ್ಪಷ್ಟವಾಯಿತು. ದಕ್ಷಿಣ ಅಮೆರಿಕದ ಪೆರು ದೇಶದ ಅಮೆಜಾನ್ ಪ್ರದೇಶದಿಂದ ಬಂದ ೧೪೮ ಮಾದರಿಗಳಲ್ಲಿ ೬೧ರಲ್ಲಿ ಎಚ್‌ಆರ್‌ಪಿ-೨ರ ಜೀನೇ ಇರಲಿಲ್ಲ!

ಆಮೇಲೆ ಆಫ್ರಿಕದಿಂದ ಸುದ್ದಿ ಬಂದಿತು. ಕೆಂಪು ಸಮುದ್ರದ ದಂಡೆಯ ಎರಿಟ್ರಿಯ ದೇಶದಲ್ಲಿ ಸೂಕ್ಷ್ಮದರ್ಶಕವು ‘ಇದೆ’ ಎಂದವರಲ್ಲಿಯೇ ಪಟ್ಟಿಯು ‘ಇಲ್ಲ’ ಎನ್ನತೊಡಗಿದ್ದಿತು. ಮೊದಮೊದಲು ಪಟ್ಟಿಗಳೇ ಕೆಟ್ಟಿರಬೇಕೆಂಬ ಸಂಶಯ ಬರುವುದು ಸಹಜ. ಜೀನುಗಳನ್ನು ಪರಿಶೀಲಿಸಿದಾಗ, ಗಿಂಡಾ ಎಂಬ ಊರಿನ ಆಸ್ಪತ್ರೆಯ ೨೬ ರೋಗಿಗಳಲ್ಲಿ ೨೧ ಮಂದಿಯ ರೋಗಾಣುಗಳು ಎಚ್‌ಆರ್‌ಪಿ-೨ರ ಜೀನನ್ನು ಕಳಚಿಕೊಂಡಿದ್ದವು. ೨೦೧೬ರಲ್ಲಿ ಆ ದೇಶವು ಬೇರೆ ಬಗೆಯ ಪಟ್ಟಿಗೆ ಬದಲಾಯಿಸಿಕೊಂಡಿತು. ನೆರೆಯ ಇಥಿಯೋಪಿಯದಲ್ಲಿ ೧೨ ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಸಮೀಕ್ಷೆಯು ೨೦೨೧ರಲ್ಲಿ ಪ್ರಕಟವಾಯಿತು. ಅಲ್ಲಿನ ಫಾಲ್ಸಿಪಾರಮ್ ರೋಗಿಗಳಲ್ಲಿ ಸರಿಸುಮಾರು ಹತ್ತರಲ್ಲಿ ಒಬ್ಬರು ಈ ಕಾರಣದಿಂದ ಪಟ್ಟಿಯ ಕಣ್ಣು ತಪ್ಪಿಸುತ್ತಿದ್ದಾರೆಂದು ಅದು ಅಂದಾಜು ಮಾಡಿತು.

ನಮ್ಮ ದೇಶದ ಎಂಟು ರಾಜ್ಯಗಳಿಂದ ಸಂಗ್ರಹಿಸಿದ ೧,೫೨೧ ಮಾದರಿಗಳ ಅಧ್ಯಯನವು ೨೦೧೬ರಲ್ಲಿ ಹೊರಬಂದಿತು. ಅವುಗಳಲ್ಲಿ ೩೬ರಲ್ಲಿ, ಎಂದರೆ ಶೇಕಡಾ ೨.೪ರಲ್ಲಿ, ಎಚ್‌ಆರ್‌ಪಿ-೨ರ ಜೀನು ಇರಲಿಲ್ಲ. ಇಂತಹ ಕಾರಣದಿಂದ ತಪ್ಪಿಹೋಗುವವರ ಪ್ರಮಾಣವು ಶೇಕಡಾ ೫ನ್ನು ಮುಟ್ಟಿದರೆ ಪಟ್ಟಿಯನ್ನು ಬದಲಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಎಲ್ಲೆಯನ್ನು ನಾವು ದಾಟಿರಲಿಲ್ಲವೆಂಬುದು ಸಮಾಧಾನದ ಮಾತು. ರೋಗಾಣುವು ನಮ್ಮ ನೆಲದಲ್ಲಿಯೂ ಆ ದಾರಿಯನ್ನು ಹಿಡಿದಿದೆಯೆಂಬುದು ಎಚ್ಚರಿಕೆಯ ಮಾತು.

ಪರೀಕ್ಷೆಯೇ ಆಯ್ಕೆ ಮಾಡುವ ಬಗೆ

ಇನ್ನು ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಡಾರ್ವಿನ್ನನ ನಿಸರ್ಗದ ಆಯ್ಕೆಯ ತತ್ತ್ವವನ್ನು ಶಾಲೆಯಲ್ಲಿ ಓದಿದವರಿಗೆ ಇದು ಕಠಿಣವಲ್ಲ. ಪಟ್ಟಿಯು ತಾನಾಗಿ ಏನನ್ನೂ ಕೊಲ್ಲುವುದಿಲ್ಲ. ಆದರೆ ಪಟ್ಟಿಯು ‘ಇದೆ’ ಎಂದ ರೋಗಿಗೆ ಮಾತ್ರ ನಾವು ಔಷಧವನ್ನು ಕೊಡುತ್ತೇವೆ. ಹೀಗೆ ಯಾರು ಸಾಯಬೇಕು, ಯಾರು ಉಳಿಯಬೇಕು ಎಂಬ ತೀರ್ಪು ಪಟ್ಟಿಯ ಕೈಗೆ ಹೋಗುತ್ತದೆ.

ಒಂದು ಲೆಕ್ಕವನ್ನು ಊಹಿಸಿಕೊಳ್ಳೋಣ. ಒಂದು ಸೀಮೆಯಲ್ಲಿ ೧,೦೦೦ ಜನ ಫಾಲ್ಸಿಪಾರಮ್ ರೋಗಿಗಳಿರಲಿ. ೯೮೦ ಜನರಲ್ಲಿ ಸಾಮಾನ್ಯ ರೋಗಾಣು. ೨೦ ಜನರಲ್ಲಿ ಜೀನು ಕಳಚಿದ್ದು. ಎಂದರೆ ಎರಡನೆಯದರ ಪಾಲು ಶೇಕಡಾ ೨. ಎಲ್ಲರಿಗೂ ಪಟ್ಟಿಯ ಪರೀಕ್ಷೆಯಾಯಿತು. ಮೊದಲಿನ ೯೮೦ ಜನರಲ್ಲಿ ೯೦೦ ಜನರು ಸಕಾಲದಲ್ಲಿ ಔಷಧ ಪಡೆದು ಗುಣವಾದರು. ೮೦ ಜನರು ಹೇಗೋ ತಪ್ಪಿಹೋದರು. ಇನ್ನುಳಿದ ೨೦ ಜನರಿಗೆ ‘ನಿಮಗೆ ಮಲೇರಿಯಾ ಇಲ್ಲ’ ಎಂದು ಹೇಳಿ ಮನೆಗೆ ಕಳಿಸಲಾಯಿತು. ಫಾಲ್ಸಿಪಾರಮ್ಮಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯಬಲ್ಲ ರೂಪವು ಸಿದ್ಧವಾಗಲು ಸುಮಾರು ಹತ್ತು ದಿನಗಳು ಬೇಕು. ಬೇಗ ಗುಣವಾದವರಿಂದ ಸೊಳ್ಳೆಗೆ ರೋಗವು ಹೋಗುವುದು ವಿರಳ. ಆದ್ದರಿಂದ ಈಗ ಸೊಳ್ಳೆಗೆ ರೋಗವನ್ನು ಕೊಡಬಲ್ಲವರು ೮೦ ಮತ್ತು ೨೦, ಒಟ್ಟು ೧೦೦ ಜನ. ಅವರಲ್ಲಿ ಜೀನು ಕಳಚಿದ ರೋಗಾಣುವಿನ ಪಾಲು ಶೇಕಡಾ ೨೦! ಒಂದೇ ಸುತ್ತಿನಲ್ಲಿ ಅದು ಹತ್ತು ಪಟ್ಟು ಬೆಳೆಯಿತು. ವಾಸ್ತವದಲ್ಲಿ ಎಲ್ಲ ರೋಗಿಗಳೂ ಪರೀಕ್ಷೆಗೆ ಬರುವುದಿಲ್ಲವಾದುದರಿಂದ ಏರಿಕೆಯು ಇಷ್ಟು ವೇಗವಾಗಿರುವುದಿಲ್ಲ. ಆದರೆ ಅದರ ದಿಕ್ಕು ಇದೇ.

ಎಲ್ಲ ಕಡೆಯೂ ಪಟ್ಟಿಯೇ ಕಾರಣವೆಂದು ಹೇಳಲಾಗದು. ಪೆರುವಿನಲ್ಲಿ ಈ ಪಟ್ಟಿಗಳ ಬಳಕೆಗೆ ಮೊದಲೇ ಇಂತಹ ರೋಗಾಣುಗಳಿದ್ದವು. ಅಲ್ಲಿ ಆಕಸ್ಮಿಕವಾಗಿ ಒಂದು ತಳಿ ಹರಡಿರಬೇಕು. ಇಥಿಯೋಪಿಯದಲ್ಲಾದರೋ, ಜೀನಿನ ಸುತ್ತಲಿನ ಭಾಗವನ್ನು ಓದಿದ ವಿಜ್ಞಾನಿಗಳಿಗೆ ಇತ್ತೀಚಿನ ಆಯ್ಕೆಯ ಕುರುಹುಗಳು ಕಂಡವು.

ರೋಗವು ಕಡಿಮೆಯಾದ ಸೀಮೆಯಲ್ಲಿಯೇ ಈ ಆಯ್ಕೆಯು ಬಲವಾಗುತ್ತದೆಂಬುದು ಇಲ್ಲಿಯ ವಿಚಿತ್ರ ಸಂಗತಿ. ಮಲೇರಿಯಾ ತುಂಬಿದ ಊರಿನಲ್ಲಿ ಒಬ್ಬನ ಮೈಯಲ್ಲಿಯೇ ಹಲವು ತಳಿಗಳ ರೋಗಾಣುಗಳಿರುತ್ತವೆ. ಒಂದು ಗುರುತನ್ನು ಕಳಚಿಕೊಂಡಿದ್ದರೂ ಜೊತೆಯಲ್ಲಿರುವ ಇನ್ನೊಂದು ಗೆರೆಯನ್ನು ಮೂಡಿಸುತ್ತದೆ; ಔಷಧವು ಎರಡನ್ನೂ ಕೊಲ್ಲುತ್ತದೆ. ರೋಗವು ವಿರಳವಾದಲ್ಲಿ ಒಬ್ಬನಲ್ಲಿ ಸಾಮಾನ್ಯವಾಗಿ ಒಂದೇ ತಳಿ. ಅದು ಗುರುತಿಲ್ಲದ್ದಾದರೆ ಅದನ್ನು ಹಿಡಿದುಕೊಡುವ ಜೊತೆಗಾರನಿಲ್ಲ.

ಉಪಾಯವೇನು?

ಮೊದಲನೆಯ ಉಪಾಯವು ಗುರುತನ್ನು ಬದಲಿಸುವುದು. ರೋಗಾಣುವು ಸಕ್ಕರೆಯಿಂದ ಶಕ್ತಿಯನ್ನು ಪಡೆಯಲು ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವನ್ನು ಬಳಸುತ್ತದೆ. ಇದು ಅದರ ಒಲೆಯಿದ್ದಂತೆ. ಎಚ್‌ಆರ್‌ಪಿ-೨ರಂತೆ ಸುಲಭವಾಗಿ ಕಳಚಿ ಎಸೆಯಲು ಬಾರದು. ಈ ಕಿಣ್ವವನ್ನು ಹುಡುಕುವ ಪಟ್ಟಿಗಳೂ ಇವೆ. ಸಾಮಾನ್ಯವಾಗಿ ಅವುಗಳ ಸೂಕ್ಷ್ಮತೆ ತುಸು ಕಡಿಮೆ, ಬಿಸಿಲನ್ನು ತಾಳುವ ಶಕ್ತಿಯೂ ಕಡಿಮೆ. ಆದರೆ ಇನ್ನೊಂದು ಗುಣವಿದೆ: ಎಚ್‌ಆರ್‌ಪಿ-೨ ರೋಗ ಗುಣವಾದ ಮೇಲೆಯೂ ವಾರಗಟ್ಟಲೆ ರಕ್ತದಲ್ಲಿ ಉಳಿದು ಸುಳ್ಳು ಗೆರೆಯನ್ನು ತೋರಿಸುತ್ತದೆ, ಈ ಕಿಣ್ವವು ರೋಗಾಣುವಿನೊಡನೆ ಬೇಗ ಮರೆಯಾಗುತ್ತದೆ.

ನಮ್ಮಲ್ಲಿ ಬಳಕೆಯಲ್ಲಿರುವ ಜೋಡಿ ಪಟ್ಟಿಗಳನ್ನು ಇಲ್ಲಿ ಸರಿಯಾಗಿ ಅರಿತುಕೊಳ್ಳಬೇಕು. ಅನೇಕ ಪಟ್ಟಿಗಳಲ್ಲಿ ಫಾಲ್ಸಿಪಾರಮ್ಮಿಗೆ ಎಚ್‌ಆರ್‌ಪಿ-೨ರ ಗೆರೆ, ವೈವಾಕ್ಸಿಗೆ ಅದರದೇ ಕಿಣ್ವದ ಗೆರೆ ಇರುತ್ತವೆ. ಎರಡು ಗೆರೆಗಳಿವೆಯೆಂದು ಎರಡು ಕಾವಲುಗಳಿವೆಯೆಂದು ತಿಳಿಯಬಾರದು. ಜೀನು ಕಳಚಿದ ಫಾಲ್ಸಿಪಾರಮ್ ಇಂತಹ ಪಟ್ಟಿಯಲ್ಲಿ ಯಾವ ಗೆರೆಯನ್ನೂ ಮೂಡಿಸದು. ಎಲ್ಲ ಜಾತಿಗಳ ಕಿಣ್ವವನ್ನೂ ಹಿಡಿಯುವ ಗೆರೆಯಿದ್ದರೆ ಮಾತ್ರ ಸಿಕ್ಕಿಬೀಳುವ ಸಂಭವವುಂಟು.

ಎರಡನೆಯ ಉಪಾಯವು ಹಳೆಯದೇ: ರಕ್ತಲೇಪ ಮತ್ತು ಸೂಕ್ಷ್ಮದರ್ಶಕ. ರೋಗಾಣುವು ಯಾವ ಪ್ರೋಟೀನನ್ನು ಕಳಚಿಕೊಂಡರೂ ತನ್ನ ರೂಪವನ್ನು ಕಳಚಿಕೊಳ್ಳಲಾರದು. ಮೂರನೆಯದು ಜೀನುಗಳನ್ನೇ ವರ್ಧಿಸಿ ನೋಡುವ ಪಿ.ಸಿ.ಆರ್. ವಿಧಾನ. ಅದು ದುಬಾರಿ, ನಿಧಾನ. ದಿನನಿತ್ಯದ ಚಿಕಿತ್ಸೆಗಿಂತ ಸಮೀಕ್ಷೆಗಳಿಗೆ ಹೆಚ್ಚು ಒಪ್ಪುವಂಥದು.

ಗೆರೆ ಮೂಡದಿರಲು ಬೇರೆ ಕಾರಣಗಳೂ ಇವೆ. ರೋಗಾಣುಗಳ ಸಂಖ್ಯೆ ತೀರ ಕಡಿಮೆಯಿರಬಹುದು, ಪಟ್ಟಿಯು ಅವಧಿ ಮೀರಿರಬಹುದು, ಬೇಸಿಗೆಯ ಸೆಕೆಯಲ್ಲಿ ಕೆಟ್ಟಿರಬಹುದು, ಹನಿಗಳು ತಪ್ಪಿರಬಹುದು. ಜೀನನ್ನು ದೂರುವ ಮೊದಲು ಇವೆಲ್ಲವನ್ನೂ ನೋಡಬೇಕು.

ನಮ್ಮ ಊರುಗಳ ಮಾತು

ಹುಬ್ಬಳ್ಳಿ-ಧಾರವಾಡದಂತಹ ಊರುಗಳಿಗೆ ಈ ವಿಷಯವು ದೂರದ್ದೇನಲ್ಲ. ಜ್ವರಗಡ್ಡೆಯ ಕಾಲವು ಇಲ್ಲಿ ಮುಗಿದಿದೆ. ಕರ್ನಾಟಕದಲ್ಲಿ ಉಳಿದಿರುವ ಮಲೇರಿಯಾದಲ್ಲಿ ವೈವಾಕ್ಸಿನ ಪಾಲೇ ದೊಡ್ಡದು. ೨೦೩೦ರೊಳಗೆ ದೇಶದಿಂದ ಮಲೇರಿಯಾವನ್ನು ತೊಲಗಿಸಬೇಕೆಂಬ ಗುರಿಯನ್ನು ೨೦೧೬ರಲ್ಲಿಯೇ ಇಟ್ಟುಕೊಳ್ಳಲಾಗಿದೆ. ಆದರೆ ಹುಬ್ಬಳ್ಳಿಯು ದೊಡ್ಡ ರೈಲುಕೂಡು. ಫಾಲ್ಸಿಪಾರಮ್ ಇನ್ನೂ ಉಳಿದಿರುವ ಒಡಿಶಾ, ಝಾರ್ಖಂಡ, ಛತ್ತೀಸಗಡಗಳಿಂದ ದುಡಿಮೆಗಾಗಿ ಜನರು ದೇಶದ ನಗರಗಳಿಗೆಲ್ಲ ಬರುತ್ತಾರೆ, ಹೋಗುತ್ತಾರೆ. ನಗರದ ಸೊಳ್ಳೆಯಾದ ಅನಾಫಿಲೀಸ್ ಸ್ಟೀಫೆನ್ಸಿಗೆ ಹಳ್ಳವೇ ಬೇಕೆಂದಿಲ್ಲ. ಮುಚ್ಚಳವಿಲ್ಲದ ನೀರಿನ ಟಾಕಿ, ಕಟ್ಟುತ್ತಿರುವ ಮನೆಯಲ್ಲಿ ನಿಂತ ನೀರು ಸಾಕು. ಜ್ವರ ಹೊತ್ತು ಬಂದ ಒಬ್ಬ ಕೂಲಿಕಾರನ ಪಟ್ಟಿಯಲ್ಲಿ ಗೆರೆ ಮೂಡಲಿಲ್ಲವೆಂದು ಅವನನ್ನು ಹಿಂದಕ್ಕೆ ಕಳಿಸಿದರೆ, ಅಪಾಯವು ಮೊದಲು ಅವನ ಪ್ರಾಣಕ್ಕೆ, ಆಮೇಲೆ ಅವನ ಸುತ್ತಲಿನವರಿಗೆ.

ರೋಗವು ಇಳಿದಂತೆ ಇನ್ನೊಂದು ನಷ್ಟವೂ ಆಗುತ್ತದೆ. ದಿನಕ್ಕೆ ಹತ್ತಾರು ರೋಗಾಣುಗಳನ್ನು ನೋಡುತ್ತಿದ್ದ ಪ್ರಯೋಗಶಾಲೆಯ ಕಣ್ಣಿಗೆ ಈಗ ತಿಂಗಳುಗಟ್ಟಲೆ ಒಂದೂ ಬೀಳುವುದಿಲ್ಲ. ರೂಢಿ ತಪ್ಪಿದ ಕಣ್ಣು ಪಟ್ಟಿಯನ್ನೇ ಹೆಚ್ಚು ನಂಬುತ್ತದೆ. ಪಟ್ಟಿಯು ಹೆಚ್ಚು ಮೋಸ ಹೋಗುವ ಕಾಲದಲ್ಲಿಯೇ ಅದರ ಮೇಲಿನ ಭಾರವೂ ಹೆಚ್ಚುತ್ತದೆ. ಆದುದರಿಂದ ರೋಗ ವಿರಳವಾದ ಜಿಲ್ಲೆಗಳಲ್ಲಿಯೂ ರಕ್ತಲೇಪವನ್ನು ಓದುವ ಶಿಕ್ಷಣವನ್ನು ಕೈಬಿಡದೆ ಕಾಪಾಡಬೇಕು. ಪಟ್ಟಿಗೂ ಸೂಕ್ಷ್ಮದರ್ಶಕಕ್ಕೂ ಹೊಂದದ ರಕ್ತದ ಮಾದರಿಗಳನ್ನು ಚೆಲ್ಲದೆ ಜೀನಿನ ಪರೀಕ್ಷೆಗೆ ಕಳಿಸಬೇಕು.

ಸಾಮಾನ್ಯ ಜನರು ನೆನಪಿಡಬೇಕಾದುದು ಇಷ್ಟೆ. ಗೆರೆ ಮೂಡಿದರೆ ವೈದ್ಯರು ಕೊಟ್ಟ ಔಷಧವನ್ನು ಕೊನೆಯ ಗುಳಿಗೆಯವರೆಗೆ ತೆಗೆದುಕೊಳ್ಳಬೇಕು. ಗೆರೆ ಮೂಡದೆ ಚಳಿಜ್ವರವು ಮುಂದುವರಿದರೆ, ತಾವು ಈಚೆಗೆ ಯಾವ ಊರಿಗೆ ಹೋಗಿದ್ದೆವೆಂಬುದನ್ನು ವೈದ್ಯರಿಗೆ ತಿಳಿಸಿ, ರಕ್ತಲೇಪದ ಪರೀಕ್ಷೆಯನ್ನು ಕೇಳಬೇಕು. ಬೇಕಾದರೆ ಮರುದಿನ ಮತ್ತೊಮ್ಮೆ ಮಾಡಿಸಬೇಕು. ವಿಜ್ಞಾನದ ವಿದ್ಯಾರ್ಥಿಗಳು ಇದರಿಂದ ಇನ್ನೂ ಒಂದು ಮಾತನ್ನು ಕಲಿಯಬಹುದು. ಯಾವುದೇ ಪರೀಕ್ಷೆಯ ಉತ್ತರವನ್ನು ನಂಬುವ ಮೊದಲು, ಅದು ಕೇಳಿದ ಪ್ರಶ್ನೆ ಯಾವುದೆಂದು ವಿಚಾರಿಸಬೇಕು. ‘ಮಲೇರಿಯಾ ಇದೆಯೇ?’ ಎಂದು ನಾವು ಕೇಳಿದೆವೆಂದುಕೊಳ್ಳುತ್ತೇವೆ. ಪಟ್ಟಿಯು ಕೇಳಿದ್ದು ‘ಎಚ್‌ಆರ್‌ಪಿ-೨ ಇದೆಯೇ?’ ಎಂದು. ಬಹುಕಾಲ ಈ ಎರಡಕ್ಕೂ ಉತ್ತರ ಒಂದೇ ಆಗಿದ್ದಿತು. ಈಗ ಕೆಲವು ಸೀಮೆಗಳಲ್ಲಿ ಅವು ಬೇರೆಬೇರೆಯಾಗಿವೆ. ಅದು ನಮ್ಮಲ್ಲಿ ಎಲ್ಲಿ, ಎಷ್ಟು ಎಂಬುದನ್ನು ಅಳೆಯುತ್ತಿರುವ ಕೆಲಸಕ್ಕೆ ಮುಂದಿನ ವರ್ಷಗಳಲ್ಲಿ ಇನ್ನೂ ಅನೇಕ ತರುಣ ಕೈಗಳು ಬೇಕಾಗುವವು.